ಲೈಬ್ರರಿ ಉಳಿಸಲು ನಾನಿಟ್ಟ ಕಳಶ

ದೇವರ ಕೆಲಸದಲ್ಲಿ ನನ್ನ ಕೈ ತಪ್ಪಿದ್ದು ಕಡಿಮೆ. ಮಡಿ ಅಂದರೆ ಮಡಿ, ಹೊತ್ತು ಅಂದರೆ ಹೊತ್ತು. ನಾನಿಟ್ಟ ಕಳಶ ಇಂದಿನವರೆಗೆ ಒಮ್ಮೆಯೂ ವಾಲಿದ್ದಿಲ್ಲ. ಆದ್ದರಿಂದ ಮೊಳಕಾಲ್ಮೂರಿನ ನಮ್ಮ ಕೇರಿಯ ಹಳೆಯ ಲೈಬ್ರರಿಯನ್ನು ಉಳಿಸುವ ಭಾರ ನನ್ನ ಮೇಲೆ ಬಿದ್ದಾಗ ನನಗೆ ಕಿಂಚಿತ್ತೂ ಅಳುಕಾಗಲಿಲ್ಲ. ಬಿದ್ದಾಗ ಎಂದೆನಲ್ಲ, ಅದು ಸುಳ್ಳು. ಯಾರೂ ಹೊರಿಸಿರಲಿಲ್ಲ. ನಾನೇ ಹೋಗಿ ಹೊತ್ತುಕೊಂಡೆ.

ಲೈಬ್ರರಿ ಮುಚ್ಚಿ ಬಹಳ ವರ್ಷಗಳಾಗಿದ್ದವು. ಪುಸ್ತಕಗಳೆಲ್ಲ ಹೊಸ ಕಟ್ಟಡಕ್ಕೆ ಹೋದವು, ಕಲ್ಲುಗೋಡೆಯ ಹಳೆಯ ಕಟ್ಟಡ ಮಾತ್ರ ಇಲ್ಲೇ ಉಳಿಯಿತು. ಬಾಗಿಲಿಗೆ ಬೀಗ, ಬೀಗದ ಕೈ ನಮ್ಮ ಪಕ್ಕದ ಮನೆಯ ಓಬಕ್ಕನ ಅಡುಗೆಮನೆಯ ಗೂಟದಲ್ಲಿ. ಅವಳ ಮಾವ ಅಲ್ಲಿ ಅಟೆಂಡರ್ ಆಗಿದ್ದವರು. ಅವರು ತೀರಿಕೊಂಡ ಮೇಲೂ ಬೀಗದ ಕೈ ಕೇಳಲು ಯಾರೂ ಬರಲಿಲ್ಲ. ಹೀಗಾಗಿ ನಮ್ಮ ಲೈಬ್ರರಿಯಲ್ಲಿ ಅದು ತೆರೆದಿದ್ದಾಗ ಇದ್ದದ್ದಕ್ಕಿಂತ ಹೆಚ್ಚು ಜನ ಮುಚ್ಚಿದ ಮೇಲೆ ಸೇರತೊಡಗಿದರು. ಮಂಗಳವಾರ, ಶುಕ್ರವಾರ ನಮ್ಮ ಹೆಂಗಸರ ಭಜನೆ. ಭಾನುವಾರ ಶಾಲೆಯ ಹುಡುಗಿಯರ ಕೋಲಾಟ. ಉಳಿದ ದಿನಗಳಲ್ಲಿ ತೊಗಲುಗೊಂಬೆಯ ಹನುಮಂತಣ್ಣನವರು.

ಹನುಮಂತಣ್ಣನವರ ಗೊಂಬೆಗಳು ಅವರ ತಾತನ ಕಾಲದವು. ಇಡೀ ರಾಮಾಯಣ ಮಂಚದಷ್ಟು ಉದ್ದದ ಒಂದು ಮರದ ಪೆಟ್ಟಿಗೆಯಲ್ಲಿ ಮಲಗಿರುತ್ತಿತ್ತು. ಅವರ ಮನೆಗೆ ತಗಡಿನ ಸೂರು. ಬೇಸಿಗೆಯಲ್ಲಿ ಆ ಕಾವಿಗೆ ಗೊಂಬೆಗಳು ಹಪ್ಪಳದ ಹಾಗೆ ಮುರುಟಿಕೊಳ್ಳುತ್ತವೆ. ಒಮ್ಮೆ ಮುರುಟಿದರೆ ಮತ್ತೆ ನೆಟ್ಟಗಾಗುವುದಿಲ್ಲ. ಅದಕ್ಕೇ ಪೆಟ್ಟಿಗೆ ಲೈಬ್ರರಿಯಲ್ಲಿತ್ತು. ಕಲ್ಲುಗೋಡೆಯ ತಂಪಿನಲ್ಲಿ ಅವು ಬದುಕಿಕೊಂಡಿದ್ದವು.

ಹೋದ ವರ್ಷ ದಸರೆ ಮುಗಿದ ವಾರ ಓಬಕ್ಕ ಏದುಸಿರು ಬಿಡುತ್ತ ಬಂದಳು.

"ಏಮಕ್ಕಾ, ಕೇಳಿದ್ಯಾ? ಲೈಬ್ರರಿ ಕೆಡವಿ ಅಂಗಡಿ ಕಟ್ತಾರಂತೆ. ಅಳತೆ ತಗೊಳ್ಳಾಕೆ ಮುಂದಿನ ವಾರ ಇಂಜಿನಿಯರ್ ಬರ್ತಾನಂತೆ."

"ಯಾರಂದ್ರು?"

"ಹಾಲಿನೋನು."

ಹಾಲಿನವನೇ ಹೇಳಿದ ಮೇಲೆ ಮತ್ತೆ ಯಾರನ್ನು ವಿಚಾರಿಸುವುದು? ನಾನು ನೇರವಾಗಿ ನಮ್ಮ ಯಜಮಾನರ ಬಳಿ ಹೋದೆ. ಅವರು ರೇಷ್ಮೆ ಸೀರೆ ನೇಯುವವರು. ಬೆಳಗ್ಗೆ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟರೆ ಊಟಕ್ಕೇ ಮೇಲೇಳುವುದು.

"ಅಲ್ಲಿ ಕಳಸ ಇಡ್ತೀನಿ. ದೇವರಿದ್ದ ಜಾಗ ಯಾರು ಕೆಡವ್ತಾರೆ?" ಎಂದೆ.

"ಇಡೋದು ಸುಲಭ. ಎತ್ತೋದು?"

"ಇಂಜಿನಿಯರ್ ಬಂದು ಹೋಗ್ಲಿ, ನಾನೇ ಎತ್ಕಂಡು ಬರ್ತೀನಿ."

"ಆಯ್ತು ಬಿಡು" ಎಂದರು. ಲಾಳಿ ಓಡುತ್ತಲೇ ಇತ್ತು. ಮಗ್ಗ ನಿಂತರೆ ಮಾತ್ರ ಗಾಬರಿ ಬೀಳಬೇಕು ಎಂಬುದು ನಮ್ಮ ಮನೆಯ ಲೆಕ್ಕ. ಅದು ನಿಲ್ಲದಿದ್ದುದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಶುಕ್ರವಾರ ಬೆಳಗ್ಗೆ ಸರಸ್ವತಿಯ ಹೆಸರಿನಲ್ಲಿ ಕಳಶ ಸ್ಥಾಪನೆಯಾಯಿತು. ತಾಮ್ರದ ಚೊಂಬು, ವೀಳ್ಯದೆಲೆ, ಮೇಲೆ ನಾನೇ ಆರಿಸಿದ ಜುಟ್ಟಿನ ಕಾಯಿ. ಹನುಮಂತಣ್ಣನವರು ಆಟದ ಮೊದಲು ಮಾಡುವ ಹಾಗೆ ಪೆಟ್ಟಿಗೆಯಿಂದ ಗಣಪನ ಗೊಂಬೆ ತೆಗೆದು ಗೋಡೆಗೆ ಆನಿಸಿದರು. ಮೊದಲ ಮಂಗಳಾರತಿ ಆ ಗಣಪನಿಗೇ ಆಯಿತು. ಅವರು ನನಗೆ ಏನೋ ಹೇಳಲು ಬಂದಂತಿತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಮುಂದಿನ ವಾರ ಬರುತ್ತಾನೆಂದಿದ್ದ ಇಂಜಿನಿಯರ್ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅಲ್ಲಿಯವರೆಗೆ ನಾನು ತಪ್ಪದೆ ನೀರು ಬದಲಿಸಿ ಕಳಶ ಕಾಪಾಡಿದ್ದೆ. ಅವರು ಬಂದ ಸುದ್ದಿ ತಿಳಿಯುತ್ತಲೇ ಮದುವೆಗೆ ಉಡುವ ಸೀರೆಯುಟ್ಟು, ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೆ. ಮರ್ಯಾದಸ್ಥ ಮನುಷ್ಯ. ಬೂಟು ಕಳಚಿದರು, ಕುಂಕುಮ ಹಚ್ಚಿಸಿಕೊಂಡರು, ಕೈಯಲ್ಲಿದ್ದ ಟೇಪನ್ನು ಜೇಬಿಗೆ ಹಾಕಿಕೊಂಡರು. ಗೆದ್ದೆ ಎಂದುಕೊಂಡೆ.

"ಏನಮ್ಮಾ ಇದು, ದೇವಸ್ಥಾನ ಮಾಡಿಬಿಟ್ಟಿದೀರಿ?"

"ಹೂಂ ಸ್ವಾಮಿ. ಬಹಳ ಸತ್ಯದ ಜಾಗ."

"ಅಯ್ಯೋ. ಸೂರು ಸೋರ್ತೈತೆ ಅಂತ ಅರ್ಜಿ ಬಂದಿತ್ತು. ರಿಪೇರಿ ಮಾಡ್ಸಿ ಇಲ್ಲಿ ಭಜನೆ ಮಾಡೋರು, ಗೊಂಬೆ ಆಡ್ಸೋರಿಗೇ ಬಿಟ್ಟುಕೊಡೋಣ ಅಂತ ಅಳತೆಗೆ ಬಂದಿದ್ದೆ. ದೇವಸ್ಥಾನದ ಸೂರಿಗೆ ನಾವು ಕೈ ಹಾಕಂಗಿಲ್ಲ."

ನನ್ನ ಕೈಯಲ್ಲಿದ್ದ ಆರತಿಯ ಕರ್ಪೂರ ಉರಿದು ಮುಗಿಯಿತು.

"ಅರ್ಜಿ ಯಾರು ಕೊಟ್ಟಿದ್ರು?" ಎಂದೆ.

ಮೂಲೆಯಲ್ಲಿ ಗೊಂಬೆ ಒರೆಸುತ್ತ ಕೂತಿದ್ದ ಹನುಮಂತಣ್ಣನವರು ಮೆಲ್ಲಗೆ ಕೈ ಎತ್ತಿದರು.

"ಹೇಳಬಾರ್ದಿತ್ತಾ ಹನುಮಂತಣ್ಣ?"

"ಹೇಳ್ಬೇಕು ಅಂತಲೇ ಬಂದೆ ತಾಯಿ. ನೀವು ಕಣ್ಮುಚ್ಕಂಡಿದ್ರಿ. ಪೂಜೆ ಮಧ್ಯ ಮಾತಾಡಬಾರ್ದು ಅಂತ ಸುಮ್ನಾದೆ."

"ಇಷ್ಟು ತಿಂಗಳಿಂದ?"

"ನಾನು ನೋಡ್ದಾಗೆಲ್ಲ ನೀವು ಕಣ್ಮುಚ್ಕಂಡೇ ಇರ್ತಿದ್ರಿ."

ಇಂಜಿನಿಯರ್ ಒಳ್ಳೆಯವರಾದ್ದರಿಂದ ಪೂರ್ತಿ ಕೈಬಿಡಲಿಲ್ಲ. "ಕಳಸ ಎತ್ತಿದ ಮೇಲೆ ಹೇಳಿ ಕಳಿಸ್ರಿ, ಇನ್ನೊಂದ್ಸಲ ಬರ್ತೀನಿ" ಎಂದರು. ಅಷ್ಟಾದರೂ ಆಯಿತಲ್ಲ ಎಂದು ಆ ತಾಯಿಗೇ ಕೈಮುಗಿದೆ. ಶುಕ್ರವಾರ ಇಟ್ಟದ್ದನ್ನು ಶುಕ್ರವಾರವೇ ಎತ್ತಬೇಕೆಂದು ಮೂರು ದಿನ ತಡೆದೆ. ಮರುದಿನ ಬುಧವಾರವೇ ಎತ್ತಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಶುಕ್ರವಾರ ನಾನು ಹೋಗುವಷ್ಟರಲ್ಲಿ ಓಬಕ್ಕ ಕಸ ಗುಡಿಸಲು ಬಾಗಿಲು ತೆಗೆದಿದ್ದಳು. ಕಳಶದ ಕಾಯಿಯ ಜುಟ್ಟಿನ ಮಗ್ಗುಲಲ್ಲಿ ಬೆರಳುದ್ದದ ಹಸಿರು ಮೊಳಕೆ. ನಾನೊಬ್ಬಳೇ ಕಂಡಿದ್ದರೆ ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದು ಹಿತ್ತಲಲ್ಲಿ ನೆಡುತ್ತಿದ್ದೆ. ಕಂಡವಳು ಓಬಕ್ಕ. ನಮ್ಮ ಭಜನೆಗೆ ಮೈಕು ಬೇಡ ಎಂದು ತೀರ್ಮಾನವಾದದ್ದೇ ಅವಳ ಗಂಟಲನ್ನು ನಂಬಿ.

"ಕಳಸ ಚಿಗುರೈತೆ ಕಣ್ರವ್ವೋ! ತಾಯಿ ಇಲ್ಲೇ ನೆಲೆ ನಿಂತವ್ಳೆ!"

ಮಧ್ಯಾಹ್ನಕ್ಕೆ ಸಾಲು ರಸ್ತೆಯವರೆಗೆ ಬಂತು. ಸಂಜೆಗೆ ಗಡಿಯಾಚೆಯ ರಾಯದುರ್ಗದ ಕಡೆಯಿಂದ ಒಂದು ಆಟೋ ತುಂಬ ಹೆಂಗಸರು ಬಂದು ತೆಲುಗಿನಲ್ಲಿ ಹರಕೆ ಹೊತ್ತರು. ವಾರದೊಳಗೆ ದೇವಿಗೆ ಲೈಬ್ರರಿಯಮ್ಮ ಎಂಬ ಹೆಸರು ನಿಂತಿತು. ಮೊಳೆತ ಕಳಶವನ್ನು ಕದಲಿಸಬಾರದೆಂದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂದು ಕೇಳಬೇಡಿ. ಹಿಂದೊಮ್ಮೆ ಭಜನೆಯಲ್ಲಿ ನಾನೇ ಹೇಳಿದ್ದೆ.

ಶಿವರಾತ್ರಿಯ ಹೊತ್ತಿಗೆ ಕಮಿಟಿ ಆಯಿತು. ಪೇಂಟ್ ಅಂಗಡಿಯ ಶೇಖರಪ್ಪನವರು ಅಧ್ಯಕ್ಷರು. ಅಮ್ಮನವರನ್ನು ತಂದವಳು ಎಂದು ನನ್ನನ್ನೂ ಕೂರಿಸಿದರು. ಕುರ್ಚಿಯಲ್ಲಿ, ಗಂಡಸರ ಸಾಲಿನಲ್ಲಿ. ಆ ಕುರ್ಚಿಯೇ ನನ್ನ ಬುದ್ಧಿ ಕೆಡಿಸಿತು. ಮೊದಲ ಸಭೆಯಲ್ಲಿ, ಕುಣಿದರೆ ಕಳಶ ಅಲುಗುತ್ತದೆ ಎಂದು ಹುಡುಗಿಯರ ಕೋಲಾಟವನ್ನು ನಿಲ್ಲಿಸಿದರು. ಬೇರೆ ಕಡೆ ಆಡಿಕೊಳ್ಳಲಿ ಎಂದರು. ಬೇರೆ ಕಡೆ ಎಂಬುದು ಎಲ್ಲಿದೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಶೇಖರಪ್ಪನವರು ನನ್ನ ಕಡೆ ತಿರುಗಿದರು.

"ಅಮ್ಮಾ, ಮಡಿ ಮೈಲಿಗೆ ವಿಚಾರ ನಿಮಗೆ ಚೆನ್ನಾಗಿ ಗೊತ್ತು. ನೀವೊಂದು ನಿಯಮ ಹೇಳ್ರಿ."

ಹಿಂದಿನ ದಿನವಷ್ಟೇ ಒಬ್ಬಾತ ಅಂಗೈ ಅಗಲದ ಬೆಲ್ಟು ಬಿಗಿದುಕೊಂಡೇ ಮಂಗಳಾರತಿ ತೆಗೆದುಕೊಂಡಿದ್ದ. ನಾನು ಗಂಟಲು ಸರಿಮಾಡಿಕೊಂಡು, "ಚರ್ಮದ ವಸ್ತು ಒಳಗೆ ಬರಬಾರದು" ಎಂದೆ.

ಎಲ್ಲರೂ ತಲೆದೂಗಿದರು. ಪೇಂಟು ಶೇಖರಪ್ಪನವರ ಅಂಗಡಿಯದೇ. ಮರುದಿನವೇ ಬೋರ್ಡು ಬಂತು. ಗಂಡಸರು ಬೆಲ್ಟು ಹೊರಗೆ ನೇತುಹಾಕಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದು, ಇನ್ನೊಂದು ಕೈಯಲ್ಲಿ ತೀರ್ಥ ತೆಗೆದುಕೊಳ್ಳುವುದನ್ನು ನೋಡಿ ನನಗೆ ಧರ್ಮ ಉಳಿಯಿತೆನಿಸಿತು.

ಆ ಹೆಮ್ಮೆ ನಾಲ್ಕು ದಿನ ಇತ್ತು. ಐದನೆಯ ದಿನ ಶೇಖರಪ್ಪನವರು ಹುಂಡಿ ಇಡಲು ಮೂಲೆ ಹುಡುಕುತ್ತ ಪೆಟ್ಟಿಗೆಯ ಬಳಿ ನಿಂತರು.

"ಇದರಾಗೇನೈತೆ ಹನುಮಂತಣ್ಣ?"

"ರಾಮ, ಲಕ್ಷ್ಮಣ, ಸೀತಮ್ಮ. ಎಲ್ಲರೂ ಇದರಾಗೇ ಅವ್ರೆ ಸ್ವಾಮಿ."

"ಯಾತರಾಗೆ ಮಾಡಿದ್ದು?"

"ಆಡಿನ ತೊಗಲು."

ಶೇಖರಪ್ಪನವರು ಬೋರ್ಡು ನೋಡಿದರು. ನಾನು ನೆಲ ನೋಡಿದೆ. ಇಪ್ಪತ್ತು ವರ್ಷದಿಂದ ಆ ಗೊಂಬೆಗಳನ್ನು ರಾಮ ಎಂದು ಕೈಮುಗಿದವಳು ನಾನು. ತೊಗಲುಗೊಂಬೆ ಎಂದು ದಿನಾ ಬಾಯಲ್ಲಿ ಹೇಳುತ್ತಿದ್ದರೂ ಅದು ಚರ್ಮ ಎಂದು ನಿಯಮ ಹೇಳುವಾಗ ತಲೆಗೆ ಹೊಳೆಯಲೇ ಇಲ್ಲ.

"ಅವು ದೇವರಲ್ವೇನ್ರಿ?" ಎಂದೆ.

"ನಿಯಮ ನಿಮ್ದೇ ಅಲ್ವೇನಮ್ಮ. ಒಬ್ಬರಿಗೆ ಬಿಟ್ರೆ ನಾಳೆ ಬೆಲ್ಟಿನೋರು ಕೇಳ್ತಾರೆ."

ಇಲ್ಲಿ ಸುಮ್ಮನಿರಬೇಕಿತ್ತು. ನಾನು ವಾದಕ್ಕಿಳಿದೆ. "ಹಂಗಂದ್ರೆ ನಮ್ಮ ಭಜನೆ ದಮ್ಮಡಿನೂ ಚರ್ಮದ್ದೇ. ಅದನ್ನ ವಾರಕ್ಕೆರಡು ಸಲ ಒಳಗೇ ಬಾರಿಸ್ತೀವಲ್ಲ?"

"ಹೌದಲ್ಲ" ಎಂದರು ಶೇಖರಪ್ಪನವರು. "ಒಳ್ಳೇದು ನೆನಪು ಮಾಡಿದ್ರಿ."

ಹೀಗೆ ದಮ್ಮಡಿಯೂ ಹೊರಗೆ ಬಿತ್ತು. ಅದನ್ನು ಬಾರಿಸುತ್ತಿದ್ದವಳು ಓಬಕ್ಕ. ಅವಳು ನನ್ನ ಜೊತೆ ಹನ್ನೊಂದು ದಿನ ಮಾತು ಬಿಟ್ಟಳು. ಅಷ್ಟು ದಿನ ಮನೆಯಲ್ಲಿ ಕಾಫಿಪುಡಿ ಉಳಿಯಿತು. ಅದೂ ಒಂದು ಪುಣ್ಯವೇ.

ಆದರೆ ಪೆಟ್ಟಿಗೆ ಎಲ್ಲಿಡುವುದು? ಬಿಸಿಲು ಆಗಲೇ ಏರುತ್ತಿತ್ತು. ಹನುಮಂತಣ್ಣನವರ ತಗಡಿನ ಮನೆಯಲ್ಲಿ ಮನುಷ್ಯರೇ ಮಧ್ಯಾಹ್ನ ಬೇವಿನ ಮರದಡಿ ಓಡುತ್ತಾರೆ. ನಮ್ಮ ಮನೆ ಅಂದರೆ ಮಗ್ಗದ ಗುಂಡಿ, ಅದರ ಸುತ್ತ ನಾಲ್ಕು ಗೋಡೆ. ಮಂಚದಷ್ಟು ಪೆಟ್ಟಿಗೆ ಒಳಗೆ ಬಂದರೆ ಯಜಮಾನರು ಹೊರಗೆ ಹೋಗಬೇಕು. ಆಗ ನನಗೆ ಮತ್ತೊಂದು ಉಪಾಯ ಹೊಳೆಯಿತು. ಇನ್ನು ಮುಂದೆ ನನಗೆ ಉಪಾಯ ಹೊಳೆದರೆ ಯಾರಾದರೂ ತಲೆಗೆ ತಣ್ಣೀರು ಹಾಕಿ ಮಲಗಿಸಬೇಕು.

ನನ್ನ ತಮ್ಮ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತ. ಮಿಲ್ಲಿನ ಹಳೆಯ ಗೋಡೌನು ದಪ್ಪ ಗೋಡೆಯದು, ತಂಪು. ಅಲ್ಲಿ ಶೇಂಗಾ ಮೂಟೆಗಳ ಪಕ್ಕ ಒಂದು ಮೂಲೆ ಕೊಡಲು ಅವನು ಒಪ್ಪಿದ.

ಹನುಮಂತಣ್ಣನವರು ಹಿಂದೆ ಮುಂದೆ ನೋಡಿದರು. "ತಾಯಿ, ಶೇಂಗಾ ಇರೋ ತಾವ ಇಲಿ ಇರ್ತಾವಲ್ಲ?"

"ಇದ್ರೆ ಇರ್ಲಿ ಹನುಮಂತಣ್ಣ. ಶೇಂಗಾ ಬಿಟ್ಟು ರಾಮನ್ನ ಯಾಕೆ ತಿಂತಾವೆ?"

ಅವರು ತಲೆಯಾಡಿಸಿದರು. ನನ್ನ ಮಾತಿಗೆ ತಲೆಯಾಡಿಸಿದವರೆಲ್ಲ ಮುಂದೆ ಕಷ್ಟಪಟ್ಟಿದ್ದಾರೆ.

ಯುಗಾದಿಗೆ ಮುಂಚೆ ಪೆಟ್ಟಿಗೆಯನ್ನು ಚಳ್ಳಕೆರೆ ಬಸ್ಸಿಗೆ ಹಾಕಿದೆವು. ಕಂಡಕ್ಟರ್, "ಒಳಗೇನೈತಿ ಯಜಮಾನ್ರೇ, ಹೆಣ ಇದ್ದಂಗೈತಿ" ಎಂದ. ಹನುಮಂತಣ್ಣನವರು, "ಬಿಡ್ತು ಅನ್ನಪ್ಪಾ" ಎಂದರು. ಗೋಡೌನಿನಲ್ಲಿ ಪೆಟ್ಟಿಗೆ ಇಳಿಸಿ, ಬೀಗ ಹಾಕಿ, ಬೀಗದ ಕೈಯನ್ನು ನನ್ನ ಕೈಗಿಟ್ಟು ಅವರು ಹೇಳಿದ್ದು ಒಂದೇ ಮಾತು. "ತಿಂಗಳಿಗೊಂದ್ಸಲ ಬಂದು ತೆಗೆದು, ಒಣಬಟ್ಟೇಲಿ ಒರೆಸಿ, ನೆರಳಾಗೆ ಗಾಳಿಗೆ ಹಾಕಿ ಮುಚ್ರಿ ತಾಯಿ. ನಂಗೆ ಬಸ್ಸು ಹತ್ತಿ ಇಳಿಯೋಕೆ ಮಂಡಿ ಕೇಳಲ್ಲ."

"ಅದೇನು ದೊಡ್ಡ ಕೆಲಸ" ಎಂದೆ.

ಮೊದಲ ತಿಂಗಳು ಕಳಶದ ಕಾಯಿ ಎರಡನೆಯ ಎಲೆ ಬಿಟ್ಟಿತು. ವಿಶೇಷ ಪೂಜೆ ಇತ್ತು, ಹೋಗಲಾಗಲಿಲ್ಲ. ಎರಡನೆಯ ತಿಂಗಳು ಒಂದು ದೊಡ್ಡ ಸೀರೆಯ ಕೆಲಸ ಬಂತು. ನಾನು ಕಂಡಿಕೆಗೆ ನೂಲು ಸುತ್ತದಿದ್ದರೆ ಯಜಮಾನರ ಲಾಳಿ ಖಾಲಿ. ಮೂರನೆಯ ತಿಂಗಳು ತಮ್ಮನಿಗೆ ಫೋನ್ ಮಾಡಿದೆ.

"ಪೆಟ್ಟಿಗೆ ಹೆಂಗೈತೋ?"

"ಹಾಕಿದ ಬೀಗ ಹಾಕಿದಂಗೇ ಐತೆ ಕಣಕ್ಕ."

ಅಷ್ಟೇ ಸಾಕು ಎಂದು ಸಮಾಧಾನಪಟ್ಟೆ. ಇಲಿಗಳು ಬೀಗ ತೆಗೆದೇ ಒಳಗೆ ಹೋಗುತ್ತವೆ ಎಂದುಕೊಂಡಿದ್ದೆನೋ ಏನೋ. ನಾಲ್ಕನೆಯ ತಿಂಗಳು ನೆನಪೇ ಆಗಲಿಲ್ಲ.

ಶ್ರಾವಣದಲ್ಲಿ ಹನುಮಂತಣ್ಣನವರು ನಮ್ಮ ಮನೆಗೆ ಬಂದರು. ಬಿಳಿ ಅಂಗಿ, ಕ್ಷೌರ ಆಗಿತ್ತು. ನಾಯಕನಹಟ್ಟಿ ಕಡೆಯ ಒಂದು ಹಳ್ಳಿಯವರು ಗೊಂಬೆಯಾಟಕ್ಕೆ ಕರೆದಿದ್ದರು. ಇತ್ತೀಚೆಗೆ ಯಾರೂ ಕರೆಯದ ಮನುಷ್ಯ. "ಪೂರ್ತಿ ರಾಮಾಯಣವೇ ಬೇಕಂತೆ ತಾಯಿ. ಪೆಟ್ಟಿಗೆ ತರಿಸ್ರಿ" ಎಂದರು.

ತಮ್ಮ ಪೆಟ್ಟಿಗೆಯನ್ನು ಗಾಡಿಯಲ್ಲಿ ಕಳಿಸಿಕೊಟ್ಟ. ಬೀಗ ಭದ್ರವಾಗಿಯೇ ಇತ್ತು. ನಮ್ಮ ಜಗುಲಿಯ ಮೇಲೆ ಇಳಿಸಿದಾಗ ಹಗುರ ಅನ್ನಿಸಿತು. ಒಣಗಿರಬೇಕು ಎಂದೆ.

ಬೀಗ ತೆಗೆದೆ. ಪೆಟ್ಟಿಗೆಯ ತಳದಲ್ಲಿ ಬಟ್ಟಲಗಲದ ತೂತು. ಒಳಗೆ ಬಣ್ಣಬಣ್ಣದ ಚೂರುಗಳ ಗೂಡು, ಶೇಂಗಾ ಸಿಪ್ಪೆ. ಗೂಡಿನಲ್ಲಿ ಕಣ್ಣು ಬಿಡದ ಆರು ಮರಿಗಳು.

ಒಳಗೆ ಮಗ್ಗ ನಿಂತಿತು.

ಹನುಮಂತಣ್ಣನವರು ಮೊದಲು ಮರಿಗಳನ್ನು ಒಂದು ಮೊರಕ್ಕೆ ತೆಗೆದಿಟ್ಟರು. ಆಮೇಲೆ ಒಂದೊಂದೇ ಗೊಂಬೆಯನ್ನು ಎತ್ತಿ ಬಿಸಿಲಿಗೆ ಹಿಡಿದರು. ರಾಮನಿಗೆ ಬಿಲ್ಲು ಹಿಡಿದ ತೋಳಿಲ್ಲ. ಸೀತೆ ಸೊಂಟದವರೆಗೆ. ಲಕ್ಷ್ಮಣ ಯಾವ ಚೂರೆಂದು ತಿಳಿಯಲಿಲ್ಲ. ಗಣಪನ ಸೊಂಡಿಲು, ಹೊಟ್ಟೆ ಎರಡೂ ಹೋಗಿದ್ದವು. ರಾವಣನ ತಲೆಗಳನ್ನು ಅವರು ಬೆರಳಿನಿಂದ ಎಣಿಸಿದರು.

"ಮೂರು ಉಳಿದಾವೆ" ಎಂದರು. "ಇವನೇ ವಾಸಿ."

ಅವರು ಬೈದರೆ ಸಾಕಿತ್ತು. ನಾನು ಕಾಯುತ್ತ ನಿಂತೆ.

"ನನ್ನ ಬೈದುಬಿಡಿ ಹನುಮಂತಣ್ಣ. ನಾನು ಒಂದ್ಸಲವೂ ಹೋಗ್ಲಿಲ್ಲ."

"ಗೊತ್ತಾಯ್ತು ತಾಯಿ" ಎಂದರು. ಜೇಬಿನಿಂದ ಫೋನ್ ತೆಗೆದು ನನ್ನ ಕೈಗೆ ಕೊಟ್ಟರು. "ಆ ಹಳ್ಳಿಯೋರಿಗೆ ಒಂದು ಫೋನ್ ಹಚ್ರಿ. ನಂಗೆ ನಂಬರ್ ಕಾಣಲ್ಲ. ಬರಾಕಾಗಲ್ಲ, ಆರೋಗ್ಯ ಸರಿಯಿಲ್ಲ ಅನ್ರಿ."

"ಯಾರಿಗೆ ಸರಿಯಿಲ್ಲ ಅನ್ಲಿ?"

"ಎಲ್ಲರಿಗೂ."

ಹಾಗೇ ಹೇಳಿದೆ. ಆ ಕಡೆಯವರು ಪಾಪ, ಎಲ್ಲರೂ ಬೇಗ ಹುಷಾರಾಗಲಿ ಎಂದರು.

ಗೊಂಬೆಯವರಲ್ಲಿ ಒಂದು ಪದ್ಧತಿ ಇದೆ. ಆಡಿಸಲು ಬಾರದಷ್ಟು ಸವೆದ ಗೊಂಬೆಯನ್ನು ಬಿಸಾಡುವುದಿಲ್ಲ, ಮಾರುವುದಿಲ್ಲ. ಮನೆಯ ಮನುಷ್ಯರು ಹೋದ ಹಾಗೆ ಬಿಳಿಬಟ್ಟೆಯಲ್ಲಿ ಸುತ್ತಿ, ಅರಿಸಿನ ಕುಂಕುಮವಿಟ್ಟು, ಹರಿಯುವ ನೀರಿಗೆ ಬಿಡುತ್ತಾರೆ. ನಿಂತ ನೀರು ಆಗುವುದಿಲ್ಲ. ಯಜಮಾನರು ಮಗ್ಗದಿಂದ ಎದ್ದು ಬಂದು ತಮ್ಮ ಹೊಸ ಪಂಚೆ ತಂದುಕೊಟ್ಟರು. ಇಡೀ ರಾಮಾಯಣ ಒಂದು ಪಂಚೆಯಲ್ಲಿ ಹಿಡಿಯಿತು. ಹಿಡಿಯಬಾರದಿತ್ತು.

ಗಂಟು ಹಿಡಿದು ಹಳ್ಳದ ಕಡೆ ನಡೆದೆವು. ಹಳ್ಳದಲ್ಲಿ ಮರಳಿತ್ತು, ಜಾಲಿಯಿತ್ತು, ಎರಡು ಆಡುಗಳಿದ್ದವು. ನೀರಿರಲಿಲ್ಲ. ನಮ್ಮ ಸೀಮೆಯಲ್ಲಿ ಹರಿಯುವ ನೀರು ಬೇಕೆಂದರೆ ಅದಕ್ಕೂ ಕಾಯಬೇಕು.

"ಮಳೆ ಬಿದ್ದು ಹಳ್ಳ ಬರೋ ತನಕ ನಿಮ್ಮನೇಲಿರ್ಲಿ ತಾಯಿ. ನಮ್ಮ ತಗಡಿನಾಗೆ ಬೇಡ. ಇನ್ನೂ ಸುಡೋದು ಬೇಡ" ಎಂದರು ಹನುಮಂತಣ್ಣನವರು.

"ಅಲ್ಲೀ ತನಕ ನೀವೇನು ಮಾಡ್ತೀರಿ?"

"ಸೂತಕ. ನೀರಿಗೆ ಬಿಡೋ ತನಕ ನಾವು ದೀಪ ಹಚ್ಚಲ್ಲ, ಗುಡಿಗೆ ಹೋಗಲ್ಲ. ನೀವು ಹಚ್ಕಳ್ರಿ. ಇದು ನಿಮಗೆ ಬರಲ್ಲ."

ಬರುವುದಿಲ್ಲ ಎಂದು ಅವರೇ ಹೇಳಿದರಲ್ಲ ಎಂದು ಮರುದಿನ ಮಿಂದು ದೇವರ ಮುಂದೆ ಕೂತೆ. ಗಂಟು ಮೇಲೆ ತೊಲೆಗೆ ತೂಗುತ್ತಿತ್ತು. ಬೆಂಕಿಪೊಟ್ಟಣದಿಂದ ಮೂರು ಕಡ್ಡಿ ಗೀರಿದೆ. ಮೂರೂ ಹತ್ತಿಕೊಂಡವು, ಗಾಳಿಯೂ ಇರಲಿಲ್ಲ. ಬತ್ತಿಗೆ ಮುಟ್ಟಿಸಲು ನನ್ನ ಕೈಯೇ ಹೋಗಲಿಲ್ಲ. ಬೆರಳು ಸುಟ್ಟಿತು, ಎದ್ದೆ. ಮದುವೆಯಾಗಿ ಬಂದ ಮೇಲೆ ನನ್ನ ಮನೆಯಲ್ಲಿ ದೀಪವಿಲ್ಲದ ಮೊದಲ ಶ್ರಾವಣ. ಅಡುಗೆಮನೆಯಲ್ಲಿ ಆಮೇಲೆ ಇಲಿ ಕಂಡರೂ ಓಡಿಸಲು ನನಗೆ ಮನಸ್ಸಾಗಲಿಲ್ಲ. ಯಾವ ಬಾಯಲ್ಲಿ ಓಡಿಸಲಿ?

ಶುಕ್ರವಾರ ಭಜನೆಗೆ ಹೊರಡುವ ಹೊತ್ತಾಯಿತು. ಕಾಲು ತಾನಾಗಿ ಅಲ್ಲಿಗೆ ನಡೆಯಿತು. ಲೈಬ್ರರಿಯ ಬಾಗಿಲು ತೆರೆದಿತ್ತು. ಒಳಗೆ ಸಾಲುದೀಪ, ಹೂವು, ತಾಯಿಯ ಮುಂದೆ ಹೆಂಗಸರು. ನಾನು ಹೊಸ್ತಿಲ ಈಚೆ, ಬೆಲ್ಟುಗಳು ನೇತಾಡುವ ಜಾಗದಲ್ಲಿ ಚಪ್ಪಲಿ ಮೆಟ್ಟಿಕೊಂಡೇ ನಿಂತೆ. ಓಬಕ್ಕ ಪ್ಲಾಸ್ಟಿಕ್ ದಮ್ಮಡಿ ಹಿಡಿದು ಹೊರಗೆ ಬಂದಳು.

"ಏಮಕ್ಕಾ, ಅಲ್ಲೇ ನಿಂತ್ಕಂಡೆ? ಒಳಗೆ ಬಾ, ಶುರು ಮಾಡ್ಬೇಕು."

"ಬರಂಗಿಲ್ಲ ಓಬಕ್ಕ. ನಂಗೆ ಸೂತಕ."

ಅವಳ ಮುಖ ಬಾಡಿತು. ಸೆರಗು ಬಾಯಿಗೆ ಹೋಯಿತು. "ಅಯ್ಯೋ ಶಿವನೇ. ಯಾರು ಹೋದ್ರಕ್ಕ?"

"ರಾಮ."

"ಯಾವ ರಾಮ? ನಿಮ್ಮ ಚಳ್ಳಕೆರೆ ಕಡೆಯೋನಾ?"

"ಬರೀ ರಾಮ. ಸೀತಮ್ಮನೂ ಹೋದ್ಲು. ಲಕ್ಷ್ಮಣನೂ. ಒಂದೇ ಪಂಚೇಲಿ ಸುತ್ತಿಟ್ಟೀವಿ. ಹಳ್ಳ ಬಂದ್ರೆ ಮಣ್ಣು ಮುಗೀತೈತೆ."

ಓಬಕ್ಕ ಸೆರಗು ಇಳಿಸಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹತ್ತಿರ ಬಂದು ಹಣೆ ಮುಟ್ಟಿದಳು.

"ಅಕ್ಕಾ," ಎಂದಳು ಮೆಲ್ಲಗೆ, "ಬೆಳಗ್ಗೆ ಬಿ.ಪಿ. ಮಾತ್ರೆ ನುಂಗಿದ್ಯಾ?"

ನುಂಗಿರಲಿಲ್ಲ.